ತಾವರೆ ಎಫೆಕ್ಟ್

ಹೊಸ ವರ್ಷನ್ನಿನಲ್ಲಿ ತಾವರೆ ಇಲ್ಲ.
ಟೈಮ್‌ಲೈನಿನಲ್ಲಿ, ಧಾರೆಗೂ ಊಟಕ್ಕೂ ನಡುವೆ,
ಕೆಂಪು ಪಟ್ಟಿಯೊಂದು ಬಂದು ಕೂತಿದೆ:
ಎಫೆಕ್ಟ್ ಸಿಗುತ್ತಿಲ್ಲ.

ಪಿಳ್ಳಪ್ಪನವರ ಕಂಪ್ಯೂಟರಿನಲ್ಲಿ ಇತ್ತು.
ಶಿಡ್ಲಘಟ್ಟದ ಸುತ್ತಮುತ್ತ ಯಾರೇ ಮದುವೆಯಾಗಲಿ
ಪುಟ ಮಗುಚಬೇಕು, ಡಬ್ಬಿ ತಿರುಗಬೇಕು,
ಹೃದಯದ ತೂತಿನಿಂದ ಸೋದರಮಾವ ಇಣುಕಬೇಕು,
ಎಲ್ಲಾದರೂ ಒಂದು ಕಡೆ ತಾವರೆ:
ಎಂಟು ದಳ ತಿರುಗುತ್ತ ಬಿಚ್ಚಿ
ಒಳಗಿಂದ ಇನ್ನೊಂದು ಜಾಗ.
ಅವರು ಹೋದಮೇಲೆ ಹಾರ್ಡ್‌ಡಿಸ್ಕ್ ಬಿಚ್ಚಿಟ್ಟುಕೊಂಡು
ಮಿಕ್ಕಿದ್ದನ್ನು ಗುಜರಿಗೆ ಹಾಕಿದವನು ನಾನೇ.
ಮುನ್ನೂರೈವತ್ತು ರೂಪಾಯಿ ಬಂತು.

ಮೆನುವಿನ ತಳದವರೆಗೂ ಹುಡುಕಿದೆ.
ಈಗಿನವೆಲ್ಲ ಮರ್ಯಾದಸ್ಥ ಎಫೆಕ್ಟುಗಳು.
ಕರಗುತ್ತವೆ, ಕಪ್ಪಾಗುತ್ತವೆ, ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ.
‘ಬೇರೆ ಹಾಕ್ತೀನಮ್ಮ, ಹೂವೆಲ್ಲ ಈಗ ಓಡಲ್ಲ’ ಅಂದೆ.

ಗಂಗುಲಮ್ಮ ಗೂಡಿನ ಮಾರ್ಕೆಟ್ಟಿನ ಚೀಟಿಯಲ್ಲಿ
ಗಾಳಿ ಬೀಸಿಕೊಂಡರು.
‘ನಮ್ ಸೀಡಿ ಅಲ್ಲೇ ಸಿಕ್ಕಾಕೊಂಡಿರೋದು.
ಮಕ್ಕಳು ಅದನ್ನೇ ಹಾಕಿ ಹಾಕಿ ಗೀರು ಬಿದ್ದೋಯ್ತು.
ಹೂ ಬೇಕು ಕಣಪ್ಪ. ಮಿಕ್ಕಿದ್ದು ಹೆಂಗಾರ ಇರ್ಲಿ.’

ಸರಿ. ಮಾಸ್ಕಿನಲ್ಲಿ ಒಂದು ದಳ ಗೀಚಿದೆ.
ಮೊದಲನೆಯದು ಮಾವಿನೆಲೆಯಾಯಿತು.
ಎರಡನೆಯದು ನಾಲಿಗೆ.
ಮೂರನೆಯದನ್ನು ಎಂಟು ಮಾಡಿ ನಲವತ್ತೈದು ಡಿಗ್ರಿಗೊಂದರಂತೆ ತಿರುಗಿಸಿ
ಅಂಚನ್ನು ಮೆತ್ತಗೆ ಮಾಡುವಷ್ಟರಲ್ಲಿ ಮಧ್ಯಾಹ್ನ.
ಕೆಳಗೆ ಬಾಬಾಜಾನ್ ಸಾಬರ ಬಿಚ್ಚಾಣಿಕೆ.
ಬಿಸಿನೀರಲ್ಲಿ ಕುಣಿಯುವ ಗೂಡುಗಳ ಎಳೆ ತುಂಡಾದರೆ
ಇನ್ನೊಂದರ ತುದಿ ಹಾಗೇ ಎಸೆಯುತ್ತಾರೆ ಅವರು,
ನೋಡದೆ, ಯಾರೊಂದಿಗೋ ಮಾತಾಡುತ್ತಲೇ.
ಅದು ಹತ್ತಿಕೊಂಡು ಹೋಗುತ್ತದೆ.
ನನ್ನ ದಳಗಳು ಹತ್ತಿಕೊಳ್ಳಲಿಲ್ಲ.

‘ಇದಲ್ಲ’ ಅಂದರು ಮಾರನೇ ದಿನ.
‘ಇದು ಎಣ್ಣೆ ಬಿಟ್ಟಂಗೆ ಅರಳ್ತೈತೆ.
ನಮ್ದು ಹಿಂಗೆ’ ಎಂದು ಮುಷ್ಟಿಯಿಂದ ಮೂರು ಬೆರಳು ಬಿಚ್ಚಿ,
ತಡೆದು,
ಮಿಕ್ಕ ಎರಡನ್ನು ಒಟ್ಟಿಗೆ ಬಿಚ್ಚಿದರು.

ಪಿಳ್ಳಪ್ಪನವರ ಕಂಪ್ಯೂಟರಿಗೆ ಉಬ್ಬಸ.
ಹೂವೆಂದರೆ ಅದಕ್ಕೆ ದೊಡ್ಡ ಹೊರೆ,
ನಡುವೆ ಕೂತು ಸುಧಾರಿಸಿಕೊಳ್ಳುತ್ತಿತ್ತು.
ಆ ಏದುಸಿರೂ ಹೂವಿನ ಲೆಕ್ಕಕ್ಕೇ ಸೇರಿಬಿಟ್ಟಿದೆ.
ಮೂರಕ್ಕೊಂದು ಫ್ರೇಮ್ ಕಿತ್ತೆ. ಐದನೇ ದಳವನ್ನು ತಡಮಾಡಿದೆ.
ಅಂಚಿಗೆ ಕೊಳಕು ನೀಲಿಯೊಂದು ಗೆರೆ ಬಳಿದೆ,
ಆಗೆಲ್ಲ ಅದು ತಪ್ಪದೆ ಇರುತ್ತಿತ್ತು.

ಹೂವನ್ನು ಕೂರಿಸಲು ಎರಡು ತುಣುಕು ಸರಿಸಿದಾಗ
ನಡುವೆ ಕತ್ತರಿಸಿ ಮುಚ್ಚಿದ್ದ ಹನ್ನೊಂದು ನಿಮಿಷ ಕಂಡಿತು.
ಆಫ್ ಮಾಡಲು ಮರೆತ ಕ್ಯಾಮೆರಾ,
ಛತ್ರದ ಅಡುಗೆಮನೆ ಕಿಟಕಿಯ ಕಟ್ಟೆ ಮೇಲೆ.
ಹಿತ್ತಲು. ನೀರಿನ ಡ್ರಮ್ಮು. ರಾಶಿ ಬಿದ್ದ ಎಲೆಗಳು.
ಆಗಷ್ಟೇ ತಾಳಿ ಕಟ್ಟಿದ ಹುಡುಗ ಒಬ್ಬನೇ ಬಂದು
ಮುಖಕ್ಕೆ ನೀರೆರಚಿಕೊಂಡು, ಒರೆಸಿಕೊಳ್ಳದೆ,
ಬಾಸಿಂಗ ಬಿಚ್ಚಿ ಕೈಯಲ್ಲಿ ಹಿಡಿದು
ಬಹಳ ಹೊತ್ತು ನೋಡಿದ.
ಆಮೇಲೆ ತಾನೇ ಕಟ್ಟಿಕೊಂಡ, ಸ್ವಲ್ಪ ಸೊಟ್ಟಗೆ.
ಊಟದ ಪಂಕ್ತಿಯಲ್ಲಿ ನೋಡಿ, ಸೊಟ್ಟಗೇ ಇದೆ.

ಗಂಗುಲಮ್ಮ ಹೂವನ್ನು ನಾಲ್ಕು ಸಲ ಹಾಕಿಸಿದರು.
ಊಟ ನೋಡಲಿಲ್ಲ.
‘ನಡುಮಧ್ಯೆ ಇದ್ದಿದ್ದು ನೋಡ್ದೇನಪ್ಪ?’
‘ಇಲ್ಲಮ್ಮ. ಏನೂ ಇರಲಿಲ್ಲ.’
‘ಆಚೆ ಹೋಗಿದ್ರು ಅವ್ರು. ಯಾಕಂತ ನಾನೂ ಕೇಳ್ಲಿಲ್ಲ.
ಪಿಳ್ಳಪ್ಪಣ್ಣ ಅಲ್ಲೊಂದು ಹೂ ಮಡಗ್ದ.’
ದುಡ್ಡನ್ನು ಎರಡೆರಡು ಸಲ ಎಣಿಸಿದರು.

ರಸ್ತೆಯಲ್ಲಿ ಟಿವಿಎಸ್ ಹಾರ್ನ್.
ಗೂಡು ಮಾರಿ ಬಂದ ಖಾಲಿ ಚೀಲಗಳನ್ನು ಮಡಿಚಿ ಸೀಟಿಗೆ ಹಾಸಿ
ನರೆತ ಮೀಸೆಯ ಮನುಷ್ಯ ಮೇಲೆ ನೋಡುತ್ತಿದ್ದ.
ಆಕೆ ಇಳಿದು ಹೋಗಿ ಕೂತು
ಪೆನ್‌ಡ್ರೈವನ್ನು ಆತನ ಷರ್ಟಿನ ಜೇಬಿಗೆ ಹಾಕಿ
ಮೇಲಿಂದ ಒಮ್ಮೆ ತಟ್ಟಿದರು.

ತಾವರೆಯನ್ನು ಸೇವ್ ಮಾಡಿಟ್ಟಿದ್ದೇನೆ, ಯಾರೂ ಕೇಳಿಲ್ಲ.
ಆ ಹನ್ನೊಂದು ನಿಮಿಷವೂ ಇದೆ.
ಆ ಫೋಲ್ಡರಿಗೆ ಏನು ಹೆಸರಿಡಬೇಕೋ ತಿಳಿಯದೆ
ಹಾಗೇ ಬಿಟ್ಟಿದ್ದೇನೆ.